ಈಥರ್ ಇದೆಯಾ ಇಲ್ವಾ: ವಾದಕ್ಕೆ ಕೂರುವ ಮೊದಲು ಇಷ್ಟು ತಯಾರಿ ಮಾಡಿಕೊಳ್ಳಿ

ಖಾಲಿ ಜಾಗ ಅನ್ನುವುದೇ ಇಲ್ಲ, ಎಲ್ಲ ಕಡೆ ಈಥರ್ ಅನ್ನುವ ಕಣ್ಣಿಗೆ ಕಾಣದ ಮಾಧ್ಯಮ ತುಂಬಿಕೊಂಡಿದೆ, ಬೆಳಕಿನ ಅಲೆಯನ್ನು ಹೊರುವುದೂ ಅದೇ, ಗ್ರಹಗಳನ್ನು ಹಿಡಿದಿಡುವುದೂ ಅದೇ, ಎಲೆಕ್ಟ್ರಾನ್‌ಗಳನ್ನು ಅಲೆಯ ಹಾಗೆ ಆಡಿಸುವುದೂ ಅದೇ. ಈ ಮಾತನ್ನು ಯಾರಾದರೂ ಶುರು ಮಾಡಿದರೆ ಸಾಕು, ಐದು ನಿಮಿಷದಲ್ಲಿ ದನಿ ಏರುತ್ತದೆ. ಒಬ್ಬರು "ಅದು 1887ರ ಪ್ರಯೋಗದಲ್ಲೇ ಮುಗಿದ ಕಥೆ" ಅಂತ ಬಾಯಿ ಮುಚ್ಚಿಸಲು ನೋಡುತ್ತಾರೆ. ಇನ್ನೊಬ್ಬರು "ಐನ್‌ಸ್ಟೈನ್ ಅವರೇ ಈಥರ್ ಬೇಕು ಅಂದಿದ್ದಾರಲ್ಲ" ಅಂತ ಎದ್ದು ನಿಲ್ಲುತ್ತಾರೆ. ಎರಡೂ ಅರ್ಧ ನಿಜ.

ನಮ್ಮ ಭಾನುವಾರದ ಗುಂಪಿನಲ್ಲಿ ಇದೇ ವಿಷಯಕ್ಕೆ ಮೂರು ಸಲ ಕೂತಿದ್ದೇವೆ. ತಾರಸಿಯ ಮೇಲೆ, ಒಂದು ಕರಿಹಲಗೆ, ಏಳೆಂಟು ಜನ. ಮೊದಲ ಸಲ ಎರಡು ಗಂಟೆ ಮಾತಾಡಿದ ಮೇಲೆ ಗೊತ್ತಾಯಿತು, ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಈಥರ್ ಇತ್ತು. ಎರಡನೇ ಸಲ ಸ್ವಲ್ಪ ಸುಧಾರಿಸಿತು. ಮೂರನೇ ಸಲ ನಿಜವಾಗಿಯೂ ಒಳ್ಳೆಯ ವಾದ ನಡೆಯಿತು. ಅದು ಹೇಗೆ ಆಯಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಥರ್ ಪರ ಇರುವವರಿಗೂ ವಿರುದ್ಧ ಇರುವವರಿಗೂ ಇದು ಉಪಯೋಗಕ್ಕೆ ಬರಲಿ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಬೆಳಕಿಗೆ ಒಂದು ಈಥರ್, ಗುರುತ್ವಕ್ಕೆ ಒಂದು, ಕ್ವಾಂಟಮ್‌ಗೆ ಒಂದು ಅಂತ ಬೇರೆ ಬೇರೆ ಕಟ್ಟುವುದು ಅಷ್ಟು ಕಷ್ಟವಲ್ಲ. ಮೂರೂ ಕೆಲಸವನ್ನು ಒಂದೇ ಈಥರ್ ಮಾಡಬೇಕು ಅಂದಾಗ ಗಂಟು ಬೀಳುತ್ತದೆ. ನೀವು ಯಾವ ಕಡೆ ಕೂತರೂ ವಾದವನ್ನು ಆ ಗಂಟಿನ ಹತ್ತಿರ ತನ್ನಿ.

ಮೊದಲು ಕೇಳಬೇಕಾದ್ದು: ಯಾವ ಈಥರ್?

ಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆಯಿರಿ. ನಿಮ್ಮ ಈಥರ್‌ಗೆ ಚಲನೆ ಇದೆಯಾ, ಅಂದರೆ "ನಾವು ಈಥರ್‌ನಲ್ಲಿ ಇಷ್ಟು ವೇಗದಲ್ಲಿ ಹೋಗುತ್ತಿದ್ದೇವೆ" ಅಂತ ಹೇಳಬಹುದಾ? ಅದರಲ್ಲಿ ಅಲೆ ಎಷ್ಟು ವೇಗವಾಗಿ ಓಡುತ್ತದೆ? ಅದು ವಸ್ತುಗಳನ್ನು ತಡೆಯುತ್ತದಾ? ಮತ್ತು ಈಗಿರುವ ಭೌತಶಾಸ್ತ್ರ ಹೇಳದ ಯಾವ ಒಂದು ಅಂಕಿಯನ್ನು ಅದು ಹೇಳುತ್ತದೆ? ಈಥರ್ ಪರ ಇರುವವರು ಈ ನಾಲ್ಕಕ್ಕೂ ಉತ್ತರ ಬರೆದ ಮೇಲೆ ವಾದ ಶುರುವಾಗಲಿ. ಗೊತ್ತಿಲ್ಲ ಅಂತ ಬರೆದರೂ ಪರವಾಗಿಲ್ಲ, ಆದರೆ ಮಧ್ಯದಲ್ಲಿ ಉತ್ತರ ಬದಲಾಯಿಸುವ ಹಾಗಿಲ್ಲ. ಈ ಒಂದು ನಿಯಮ ನಮ್ಮ ಅರ್ಧ ಜಗಳ ಕಡಿಮೆ ಮಾಡಿತು.

ಕನ್ನಡದಲ್ಲಿ ಮಾತಾಡುವಾಗ ಇನ್ನೊಂದು ತೊಡಕು ಇದೆ. ಆಕಾಶ ಅನ್ನುವ ಪದ. ಮೇಲೆ ಕಾಣುವ ಬಾನೂ ಆಕಾಶ, ಗ್ರಹಗಳು ತೇಲುವ ಜಾಗವೂ ಆಕಾಶ, ಪಂಚಭೂತಗಳಲ್ಲಿ ಐದನೆಯದೂ ಆಕಾಶ. ಹಾಗಾಗಿ "ನಮ್ಮವರು ಈಥರ್ ಅನ್ನು ಎಂದೋ ಹೇಳಿದ್ದರು" ಅನ್ನುವ ಮಾತು ಖಂಡಿತ ಬರುತ್ತದೆ. ಅದನ್ನು ಕಡೆಗಣಿಸಬೇಡಿ, ಬಿಡಿಸಿ ಹೇಳಿ. ನಮ್ಮ ಹಳೆಯ ದರ್ಶನಗಳಲ್ಲಿ ಒಂದಾದ ವೈಶೇಷಿಕದವರ ಆಕಾಶ ಶಬ್ದಕ್ಕೆ ಆಧಾರ, ಬೆಳಕಿಗಲ್ಲ. ಅದು ಒಂದೇ, ಎಲ್ಲೆಲ್ಲೂ ಇರುವಂಥದ್ದು, ಅದಕ್ಕೆ ಚಲನೆ ಇಲ್ಲ. ಯುರೋಪಿನ 19ನೇ ಶತಮಾನದ ಈಥರ್ ಬೆಳಕಿನ ಅಲೆಯನ್ನು ಹೊರುವುದಕ್ಕೆ ಬೇಕಾಗಿದ್ದ ಗಟ್ಟಿ ಮಾಧ್ಯಮ. ಎರಡೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಒಂದನ್ನು ಇನ್ನೊಂದರ ಮೇಲೆ ಹೇರಿದರೆ ಎರಡಕ್ಕೂ ಅನ್ಯಾಯ. ಆಫೀಸಿನ ಈಥರ್ನೆಟ್ ಕೇಬಲ್ ಮಾತ್ರ ನಿಜಕ್ಕೂ ಈ ಬೆಳಕಿನ ಈಥರ್‌ನ ಹೆಸರು ಹೊತ್ತಿದೆ.

1887ರ ಪ್ರಯೋಗವನ್ನು ಸರಿಯಾಗಿ ಹೇಳಿ

ಈಥರ್ ವಿರುದ್ಧ ಇರುವವರು ಇಲ್ಲಿಯೇ ಅವಸರ ಮಾಡುತ್ತಾರೆ. ಆ ಪ್ರಯೋಗ ಮಾಡಿದ ಅಮೆರಿಕದ ಮೈಕೆಲ್ಸನ್ ಮತ್ತು ಮಾರ್ಲಿ ಏನು ಹುಡುಕಿದರು ಅನ್ನುವುದನ್ನು ಮೊದಲು ಒಂದು ಹೊಳೆಯಿಂದ ತೋರಿಸಿ.

ಹೊಳೆಯ ಅಗಲ 1 ಕಿ.ಮೀ. ನೀರಿನ ವೇಗ ಗಂಟೆಗೆ 3 ಕಿ.ಮೀ. ಒಂದೇ ಥರದ ಎರಡು ದೋಣಿ, ನಿಂತ ನೀರಿನಲ್ಲಿ ಗಂಟೆಗೆ 5 ಕಿ.ಮೀ. ಹೋಗುವಂಥವು. ಒಂದು ದೋಣಿ ನೇರ ಆಚೆ ದಡಕ್ಕೆ ಹೋಗಿ ಬರುತ್ತದೆ. ಸೆಳೆತಕ್ಕೆ ಎದುರಾಗಿ ಸ್ವಲ್ಪ ಓರೆ ಹಿಡಿಯಬೇಕಲ್ಲ, ಹಾಗಾಗಿ ದಡದ ಕಡೆಗೆ ಸಿಗುವ ವೇಗ 4 ಕಿ.ಮೀ. ಹೋಗಿ ಬರಲು 30 ನಿಮಿಷ. ಇನ್ನೊಂದು ದೋಣಿ ದಡದ ಉದ್ದಕ್ಕೇ 1 ಕಿ.ಮೀ. ಕೆಳಗೆ ಹೋಗಿ ಮೇಲೆ ಬರುತ್ತದೆ. ಇಳಿಯುವಾಗ ಏಳೂವರೆ ನಿಮಿಷ, ಏರುವಾಗ 30 ನಿಮಿಷ. ಒಟ್ಟು ಮೂವತ್ತೇಳೂವರೆ. ಅಂದರೆ ನೀರನ್ನು ಕಣ್ಣಿಂದ ನೋಡದಿದ್ದರೂ, ಎರಡು ದೋಣಿಗಳ ಸಮಯದಿಂದಲೇ ಅದು ಹರಿಯುತ್ತಿದೆ ಅಂತ ಹೇಳಬಹುದು.

ಈಗ ದೋಣಿಯ ಜಾಗದಲ್ಲಿ ಬೆಳಕು, ಹೊಳೆಯ ಜಾಗದಲ್ಲಿ ಈಥರ್. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತದೆ, ಬೆಳಕಿನದು 3 ಲಕ್ಷ. ಅನುಪಾತ ಹತ್ತು ಸಾವಿರದಲ್ಲಿ ಒಂದು. ಹೋಗಿ ಬರುವುದರಲ್ಲಿ ಕಾಣುವ ವ್ಯತ್ಯಾಸ ಅದರ ವರ್ಗದಷ್ಟು, ಹತ್ತು ಕೋಟಿಯಲ್ಲಿ ಒಂದು. ಕ್ಲೀವ್‌ಲ್ಯಾಂಡಿನಲ್ಲಿ ಅವರು ಪಾದರಸದ ಮೇಲೆ ತೇಲಿಸಿದ ಕಲ್ಲುಚಪ್ಪಡಿಯ ಮೇಲೆ ಬೆಳಕನ್ನು ಒಂದಕ್ಕೊಂದು ಅಡ್ಡಲಾದ ಎರಡು ದಾರಿಯಲ್ಲಿ ಕನ್ನಡಿಗಳ ನಡುವೆ ಓಡಾಡಿಸಿ, ಒಂದೊಂದು ದಾರಿಯ, ಅಂದರೆ ತೋಳಿನ, ಉದ್ದವನ್ನು 11 ಮೀಟರಿಗೆ ತಂದಿದ್ದರು. 11 ಮೀಟರನ್ನು ಹತ್ತು ಕೋಟಿಯಿಂದ ಭಾಗಿಸಿ, ಚಪ್ಪಡಿ ತಿರುಗಿಸಿದಾಗ ಎರಡು ತೋಳೂ ಜಾಗ ಬದಲಾಯಿಸುವುದರಿಂದ ದುಪ್ಪಟ್ಟು ಮಾಡಿ. 220 ನ್ಯಾನೊಮೀಟರ್ ಬರುತ್ತದೆ. ಹಳದಿ ಬೆಳಕಿನ ಅಲೆಯುದ್ದ 550ರಿಂದ 590 ಅಂತ ಹಿಡಿದರೆ, ಎರಡು ತೋಳಿನ ಬೆಳಕು ಸೇರಿದಾಗ ಕಾಣುವ ಕಪ್ಪು-ಬಿಳಿ ಪಟ್ಟೆಗಳು ಸುಮಾರು 0.4 ಪಟ್ಟೆಯಷ್ಟು ಸರಿಯಬೇಕಿತ್ತು. ಸರಿದದ್ದು ಇದರ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈ ಲೆಕ್ಕವನ್ನು ಎಲ್ಲರೆದುರು ಹಲಗೆಯ ಮೇಲೆ ಮಾಡಿ. ಐದು ನಿಮಿಷವೂ ಬೇಡ. ಹತ್ತನೇ ಕ್ಲಾಸಿನ ಗಣಿತ ಸಾಕು, ಮತ್ತು ಅಂಕಿ ಕಣ್ಣೆದುರು ಹುಟ್ಟುವುದನ್ನು ನೋಡಿದವರು ಆಮೇಲೆ ಬರೀ ಮಾತಿಗೆ ಒಪ್ಪುವುದಿಲ್ಲ.

ಆದರೆ ಇದರಿಂದ ಈಥರ್ ಇಲ್ಲ ಅಂತ ಸಾಬೀತಾಯಿತಾ? ಇಲ್ಲ. ಈಥರ್ ಪರ ಇರುವವರಿಗೆ ಎರಡು ದಾರಿ ಇತ್ತು. ಒಂದು, ಭೂಮಿ ತನ್ನ ಸುತ್ತಲ ಈಥರ್ ಅನ್ನು ಎಳೆದುಕೊಂಡೇ ಹೋಗುತ್ತದೆ ಅನ್ನುವುದು. ಇದಕ್ಕೆ ಉತ್ತರ ಮಳೆಯಲ್ಲಿ ನಡೆದವರಿಗೆಲ್ಲ ಗೊತ್ತು. ನೇರ ಬೀಳುವ ಮಳೆಯಲ್ಲಿ ಬೇಗ ನಡೆದರೆ ಕೊಡೆಯನ್ನು ಮುಂದಕ್ಕೆ ಓರೆ ಹಿಡಿಯಬೇಕು. ನಿಮ್ಮ ಸುತ್ತಲ ಗಾಳಿಯೂ ಮಳೆಯೂ ನಿಮ್ಮ ಜೊತೆಗೇ ಬರುತ್ತಿದ್ದರೆ ಓರೆ ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ನಕ್ಷತ್ರ ನೋಡುವ ದೂರದರ್ಶಕವನ್ನು ಹೀಗೆಯೇ ಓರೆ ಮಾಡಬೇಕಾಗುತ್ತದೆ, ಸುಮಾರು 20.5 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಇಂಗ್ಲೆಂಡಿನ ಖಗೋಳಜ್ಞ ಬ್ರಾಡ್ಲಿ ಇದನ್ನು 1720ರ ದಶಕದಲ್ಲೇ ಕಂಡುಕೊಂಡಿದ್ದರು. ಹಾಗಾಗಿ ಎಳೆದುಕೊಂಡು ಹೋಗುವ ಈಥರ್‌ಗೆ ಕಷ್ಟ.

ಎರಡನೆಯ ದಾರಿ ಡಚ್ ಭೌತಶಾಸ್ತ್ರಜ್ಞ ಲೊರೆಂಟ್ಸ್ ಅವರದು. ಈಥರ್‌ನಲ್ಲಿ ಓಡುವ ವಸ್ತು ಓಡುವ ದಿಕ್ಕಿನಲ್ಲಿ ಕುಗ್ಗುತ್ತದೆ, ಗಡಿಯಾರ ನಿಧಾನವಾಗುತ್ತದೆ, ಆದ್ದರಿಂದ ಈಥರ್ ಗಾಳಿ, ಅಂದರೆ ನಮ್ಮನ್ನು ಹಾದುಹೋಗುವ ಈಥರ್, ಇದ್ದರೂ ನಮಗೆ ಗೊತ್ತಾಗುವುದಿಲ್ಲ. ಈ ಈಥರ್ 1887ರ ಪ್ರಯೋಗಕ್ಕೆ ಸೋಲಲಿಲ್ಲ. ಐನ್‌ಸ್ಟೈನ್ 1905ರಲ್ಲಿ ಅದನ್ನು ಸುಳ್ಳು ಅನ್ನಲಿಲ್ಲ, ಅದರ ಅಗತ್ಯ ಇಲ್ಲ ಅಂದರು. ಈ ವ್ಯತ್ಯಾಸವನ್ನು ಒಪ್ಪಿಕೊಳ್ಳಿ. ನೀವು ವಿರುದ್ಧ ಇರುವವರಾದರೆ ಇದನ್ನು ನೀವೇ ಮೊದಲು ಹೇಳಿ, ಎದುರಿನವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಈ ಹಂತದಲ್ಲಿ ಈಥರ್ ಕಡೆಯಿಂದ ಮೂರು ಹೆಸರು ಬರುತ್ತವೆ, ಬೇಗ ಮುಗಿಸಬಹುದು. ಅಮೆರಿಕದ ಡೇಟನ್ ಮಿಲ್ಲರ್ 1920ರ ದಶಕದಲ್ಲಿ ಮೌಂಟ್ ವಿಲ್ಸನ್ ಮೇಲೆ ಈಥರ್ ಗಾಳಿ ಕಂಡೆ ಅಂದರು. 1955ರಲ್ಲಿ ಶ್ಯಾಂಕ್‌ಲ್ಯಾಂಡ್ ಮತ್ತು ಸಂಗಡಿಗರು ಆ ಅಳತೆಗಳನ್ನು ಮತ್ತೆ ತೆಗೆದು ನೋಡಿ, ಅದು ತಾಪಮಾನದ ಏರಿಳಿತ ಅಂತ ತೋರಿಸಿದರು. ಸಾನ್ಯಾಕ್ 1913ರಲ್ಲಿ ತಿರುಗುವ ಮೇಜಿನ ಮೇಲೆ ಬೆಳಕಿನ ಸಮಯ ವ್ಯತ್ಯಾಸ ಕಂಡರು, ಅದೇ ತತ್ವದ ಮೇಲೆ ಇವತ್ತಿನ ವಿಮಾನಗಳ ಲೇಸರ್ ಗೈರೋ ಕೆಲಸ ಮಾಡುತ್ತದೆ. ಆದರೆ ತಿರುಗುವುದು ಐನ್‌ಸ್ಟೈನ್ ಅವರ ಸಾಪೇಕ್ಷತೆಯಲ್ಲೂ ಗೊತ್ತಾಗುತ್ತದೆ, ಅದರಿಂದ ಯಾರೂ ಗೆಲ್ಲುವುದಿಲ್ಲ. ಮೂರನೆಯದು ಬಿಗ್ ಬ್ಯಾಂಗಿನಿಂದ ಉಳಿದ ಮೈಕ್ರೊವೇವ್ ಬೆಳಕು. ಅದಕ್ಕೆ ಹೋಲಿಸಿದರೆ ಸೂರ್ಯ ಸೆಕೆಂಡಿಗೆ ಸುಮಾರು 370 ಕಿ.ಮೀ. ಓಡುತ್ತಿದ್ದಾನೆ ಅನ್ನುವುದು ನಿಜ. ಅದು ಬೆಳಕಿನ ಒಂದು ರಾಶಿಗೆ ಹೋಲಿಸಿ ಹೇಳಿದ ವೇಗ. ಕಿಟಕಿ ಮುಚ್ಚಿದ ಲ್ಯಾಬಿನೊಳಗೆ ಆ 370 ಎಲ್ಲೂ ಕಾಣುವುದಿಲ್ಲ. ಇವತ್ತಿನ ಲೇಸರ್ ಪ್ರಯೋಗಗಳಲ್ಲಿ ಎರಡು ದಿಕ್ಕಿನ ಬೆಳಕಿನ ವೇಗ ಒಂದರ ಮುಂದೆ ಹದಿನೇಳು ಸೊನ್ನೆ ಇಟ್ಟರೆ ಬರುವ ಸಂಖ್ಯೆಯಲ್ಲಿ ಒಂದು ಪಾಲಿನ ಮಟ್ಟಕ್ಕೂ ಸಮ ಬಂದಿದೆ.

ಗುರುತ್ವದ ಮಾತಿಗೆ ಮಳೆಯಿಂದಲೇ ಬನ್ನಿ

ನ್ಯೂಟನ್‌ಗೇ ಸಮಾಧಾನ ಇರಲಿಲ್ಲ. ಮಧ್ಯೆ ಏನೂ ಇಲ್ಲದೆ ಸೂರ್ಯ ಭೂಮಿಯನ್ನು ಎಳೆಯುವುದು ಹೇಗೆ ಅನ್ನುವುದು ಅವರನ್ನು ಕೊನೆತನಕ ಕಾಡಿತು. ಆದ್ದರಿಂದ ಈಥರ್ ಪರ ಇರುವವರ ಈ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ, ಇದಕ್ಕೆ ನಗಬೇಡಿ.

ತುಂಬ ಚೆಂದದ ಉತ್ತರ ಕೊಟ್ಟವರು ಇಬ್ಬರು. 1690ರಲ್ಲಿ ನಿಕೊಲಾ ಫಾತಿಯೊ, ಆಮೇಲೆ 18ನೇ ಶತಮಾನದಲ್ಲಿ ಜಿನೀವಾದ ಲೆ ಸಾಜ್. ಎಲ್ಲ ದಿಕ್ಕಿನಿಂದಲೂ ಕಣ್ಣಿಗೆ ಕಾಣದ ಕಣಗಳ ಮಳೆ ಸುರಿಯುತ್ತಿದೆ ಅಂದುಕೊಳ್ಳಿ. ಒಂಟಿ ವಸ್ತುವಿಗೆ ಎಲ್ಲ ಕಡೆಯಿಂದ ಸಮ ಏಟು, ಅದು ಅಲ್ಲಾಡುವುದಿಲ್ಲ. ಎರಡು ವಸ್ತು ಹತ್ತಿರ ಇದ್ದರೆ ಒಂದು ಇನ್ನೊಂದಕ್ಕೆ ಮರೆಯಾಗುತ್ತದೆ. ಒಳಬದಿಯಲ್ಲಿ ಏಟು ಕಡಿಮೆ, ಹೊರಬದಿಯಲ್ಲಿ ಜಾಸ್ತಿ. ಎರಡೂ ಹತ್ತಿರ ತಳ್ಳಲ್ಪಡುತ್ತವೆ. ದೂರ ದುಪ್ಪಟ್ಟಾದರೆ ಮರೆಯ ಗಾತ್ರ ನಾಲ್ಕನೇ ಒಂದು ಪಾಲಾಗುತ್ತದೆ, ಅಂದರೆ ನ್ಯೂಟನ್ನರ ನಿಯಮ ತಾನೇ ತಾನಾಗಿ ಬಂದುಬಿಡುತ್ತದೆ! ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ತೊಂದರೆ ಎಲ್ಲಿ? ಮಳೆಯಲ್ಲಿ ಬೈಕ್ ಓಡಿಸಿ ನೋಡಿ. ಎದೆ ಪೂರ್ತಿ ತೊಯ್ದು ತೊಪ್ಪೆಯಾಗುತ್ತದೆ, ಬೆನ್ನು ಅರ್ಧ ಒಣಗಿರುತ್ತದೆ. ಓಡುವವನಿಗೆ ಎದುರಿನ ಏಟು ಜಾಸ್ತಿ. ಸೆಕೆಂಡಿಗೆ 30 ಕಿ.ಮೀ. ಓಡುವ ಭೂಮಿಗೂ ಹಾಗೆಯೇ ಆಗಬೇಕು, ನಿಧಾನವಾಗಿ ಸೂರ್ಯನ ಕಡೆ ಸುರುಳಿ ಸುತ್ತುತ್ತಾ ಬೀಳಬೇಕು. ಕೋಟ್ಯಂತರ ವರ್ಷದಿಂದ ಬಿದ್ದಿಲ್ಲ. ಈ ಎದುರೇಟು ಕಾಣದಷ್ಟು ಕಡಿಮೆಯಾಗಬೇಕಾದರೆ ಕಣಗಳ ವೇಗ ಊಹೆಗೂ ಮೀರಿ ಜಾಸ್ತಿ ಇರಬೇಕು. ವೇಗ ಜಾಸ್ತಿ ಮಾಡಿದರೆ ಅವು ತಾಗಿದಾಗ ಬಿಟ್ಟುಹೋಗುವ ಶಾಖವೂ ಜಾಸ್ತಿ, ಭೂಮಿ ಕ್ಷಣದಲ್ಲಿ ಆವಿಯಾಗಬೇಕು. ಮ್ಯಾಕ್ಸ್‌ವೆಲ್ ಈ ಶಾಖದ ತೊಂದರೆಯನ್ನು ಹೇಳಿದರು, 1908ರಲ್ಲಿ ಪ್ವಾಂಕರೆ ಲೆಕ್ಕ ಹಾಕಿ ಇನ್ನಷ್ಟು ಬಿಗಿ ಮಾಡಿದರು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

ಗಟ್ಟಿ ಈಥರ್‌ಗೆ ಬಂದರೆ ವೀಣೆಯ ತಂತಿಯನ್ನು ನೆನಪಿಸಿ. ಬಿಗಿ ಮಾಡಿದಷ್ಟೂ ಅಲೆ ಬೇಗ ಓಡುತ್ತದೆ. ಬೆಳಕಿನ ಅಲೆ ತಂತಿಯ ಅಲೆಯ ಹಾಗೆ ಅಡ್ಡಡ್ಡ ಆಡುವಂಥದ್ದು, ಅಂಥ ಅಲೆ ನೀರು-ಗಾಳಿಯ ಒಳಗೆ ಓಡುವುದಿಲ್ಲ, ಗಟ್ಟಿ ವಸ್ತುವೇ ಬೇಕು. ಉಕ್ಕಿನಲ್ಲಿ ಅಂಥ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಕಿ.ಮೀ. ಬೆಳಕಿನದು ಅದರ ಲಕ್ಷ ಪಟ್ಟು. ಅಷ್ಟೇ ಸಾಂದ್ರತೆಗೆ ಬಿಗಿ ಲಕ್ಷದ ವರ್ಗದಷ್ಟು ಬೇಕು, ಅಂದರೆ ಉಕ್ಕಿನ ಸಾವಿರ ಕೋಟಿ ಪಟ್ಟು. ಅದರ ಮಧ್ಯೆ ಭೂಮಿ ಏನೂ ತಾಗದ ಹಾಗೆ ಹಾದುಹೋಗಬೇಕು. ಇದಕ್ಕೆ ನಿಮ್ಮ ಈಥರ್ ಏನು ಹೇಳುತ್ತದೆ ಅಂತ ಕೇಳಿ, ಸುಮ್ನೆ ಕಾಯಿರಿ.

ಹೊಸ ಕಾಲದ ಈಥರ್‌ಗಳು ಇದಕ್ಕಿಂತ ಜಾಣ. 1981ರಲ್ಲಿ ಭೌತಶಾಸ್ತ್ರಜ್ಞ ವಿಲಿಯಂ ಅನ್ರೂ ತೋರಿಸಿದ್ದು ನನಗೆ ತುಂಬ ಇಷ್ಟ. ನೀರು ಒಂದು ಕಡೆಗೆ ಹರಿಯುತ್ತಾ ವೇಗ ಹೆಚ್ಚಿಸಿಕೊಂಡು ಶಬ್ದದ ವೇಗವನ್ನೇ ಮೀರಿದರೆ, ಅಲ್ಲಿಂದ ಆಚೆಯ ಕೂಗು ಈಚೆಗೆ ಬರಲಾರದು. ಕಪ್ಪುಕುಳಿಯ ಅಂಚಿನಲ್ಲಿ ಬೆಳಕಿಗೆ ಆಗುವುದೇ ಇಲ್ಲಿ ಶಬ್ದಕ್ಕೆ ಆಗುತ್ತದೆ, ಗಣಿತವೂ ಒಂದೇ. ಜಾಗವೇ ಒಂದು ಸೂಪರ್‌ಫ್ಲುಯಿಡ್ (ಒಳಗೆ ತಡೆಯೇ ಇಲ್ಲದೆ ಹರಿಯುವ ದ್ರವ) ಥರ ಇರಬಹುದು ಅನ್ನುವವರು ಇಲ್ಲಿಂದ ಬಲ ಪಡೆಯುತ್ತಾರೆ. ನಿಮ್ಮ ವಾದದಲ್ಲಿ ಇದು ಬಂದರೆ ಗೌರವದಿಂದ ಕೇಳಿ, ಆಮೇಲೆ ಒಂದೇ ಪ್ರಶ್ನೆ ಇಡಿ. ಬಾಗಿದ ಜಾಗದಲ್ಲಿ ಅಲೆ ಹೇಗೆ ಓಡುತ್ತದೆ ಅನ್ನುವುದು ದ್ರವದಿಂದ ಬಂತು, ಸರಿ. ಆದರೆ ಇಷ್ಟು ದ್ರವ್ಯರಾಶಿ ಇದ್ದರೆ ಜಾಗ ಇಷ್ಟು ಬಾಗುತ್ತದೆ ಅನ್ನುವ ಐನ್‌ಸ್ಟೈನ್ ಸಮೀಕರಣ ಬಂತಾ? ಅದು ತಾನಾಗಿ ಬರುವುದಿಲ್ಲ. ಹಲಗೆಯ ಒಂದು ಮೂಲೆಯಲ್ಲಿ ಈ ಅಂಕಿಗಳನ್ನು ಅಳಿಸದೆ ಇಟ್ಟಿರಿ. ಬುಧನ ಕಕ್ಷೆಯಲ್ಲಿ ಶತಮಾನಕ್ಕೆ 43 ಆರ್ಕ್‌ಸೆಕೆಂಡಿನ ಹೆಚ್ಚುವರಿ ತಿರುವು. ಸೂರ್ಯನ ಅಂಚಿನಲ್ಲಿ ಬೆಳಕು ಬಾಗುವುದು 1.75 ಆರ್ಕ್‌ಸೆಕೆಂಡ್, ನ್ಯೂಟನ್ ಲೆಕ್ಕದಲ್ಲಿ ಬರುವುದು ಇದರ ಅರ್ಧ ಮಾತ್ರ. ಗುರುತ್ವದ ಯಾವ ಈಥರ್ ಬಂದರೂ ಈ ಎರಡನ್ನು ಮೊದಲು ಕೊಡಲಿ.

ಇನ್ನೊಂದು ಇದೆ, ಅದು ನಮ್ಮ ಊರಿಗೆ ಸೇರಿದ್ದು. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು, ನೆಹರು ತಾರಾಲಯದ ಮೊದಲ ನಿರ್ದೇಶಕರು, ಕಪ್ಪುಕುಳಿಯನ್ನು ಅಲುಗಾಡಿಸಿದರೆ ಅದು ಗಂಟೆ ಹೊಡೆದ ಹಾಗೆ ಮೊಳಗಿ ಬೇಗ ಸುಮ್ಮನಾಗುತ್ತದೆ ಅಂತ 1970ರಲ್ಲಿ ಲೆಕ್ಕದಿಂದ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ಮೊದಲ ಗುರುತ್ವದ ಅಲೆ ಸಿಕ್ಕಾಗ, ಅದರ ಕೊನೆಯಲ್ಲಿ ಅಂಥದ್ದೇ ಮೊಳಗು ಇತ್ತು. ಅದನ್ನು ಹಿಡಿದ ಲೈಗೋ ಯಂತ್ರ ಮೂಲದಲ್ಲಿ ಮೈಕೆಲ್ಸನ್ ಅವರ ಅದೇ ಎರಡು ತೋಳಿನ ಯಂತ್ರ, ತೋಳು ಮಾತ್ರ 4 ಕಿ.ಮೀ.

ಕ್ವಾಂಟಮ್: ನಾಣ್ಯದ ಆಟ ಆಡಿಸಿ

ಇಲ್ಲಿ ಈಥರ್ ಕಡೆಯವರು ಮೊದಲು ತೋರಿಸುವುದು ಎಣ್ಣೆಯ ಹನಿಗಳ ವೀಡಿಯೊ. ಒಂದು ತಟ್ಟೆಯಲ್ಲಿ ಸಿಲಿಕೋನ್ ಎಣ್ಣೆ, ತಟ್ಟೆಯನ್ನು ಮೇಲೆ ಕೆಳಗೆ ಅದುರಿಸುತ್ತಾರೆ. ಮೇಲೆ ಬಿಟ್ಟ ಪುಟ್ಟ ಹನಿ ಎಣ್ಣೆಗೆ ಸೇರಿಹೋಗದೆ ಪುಟಿಯುತ್ತಲೇ ಇರುತ್ತದೆ. ಪುಟಿದಾಗಲೆಲ್ಲ ಒಂದು ಅಲೆ ಏಳುತ್ತದೆ, ಆ ಅಲೆಯ ಇಳಿಜಾರೇ ಹನಿಯನ್ನು ಮುಂದೆ ತಳ್ಳುತ್ತದೆ. ಕಣವೂ ಅಲೆಯೂ ಜೋಡಿಯಾಗಿ ನಡೆಯುವುದನ್ನು ಬರಿಗಣ್ಣಿಂದ ನೋಡಬಹುದು. ಪ್ಯಾರಿಸ್ಸಿನ ಈವ್ ಕುಡೆ, ಇಮ್ಯಾನುಯೆಲ್ ಫೋರ್ ಅವರು ಇದನ್ನು ಎರಡು ಸೀಳಿನ ಮುಂದೆ ಬಿಟ್ಟು 2006ರಲ್ಲಿ ಎಲೆಕ್ಟ್ರಾನ್‌ಗಳು ಎರಡು ಸೀಳು ದಾಟಿದಾಗ ಮೂಡುವಂಥ ಪಟ್ಟೆ ಬಂತು ಅಂದರು. 2015ರಲ್ಲಿ ಡೆನ್ಮಾರ್ಕಿನ ಗುಂಪು ಮತ್ತೆ ಮಾಡಿದಾಗ ಆ ಪಟ್ಟೆ ಸಿಗಲಿಲ್ಲ. ಹನಿಯ ಪ್ರಯೋಗ ಅದ್ಭುತವಾದದ್ದು, ಆದರೆ ಅದನ್ನು ಸಾಕ್ಷಿ ಅನ್ನದೆ ಹೋಲಿಕೆ ಅನ್ನಿ.

ದೊಡ್ಡ ಅಡ್ಡಿ ಬೇರೆ ಇದೆ. ಒಂದು ಎಲೆಕ್ಟ್ರಾನಿನ ಅಲೆಗೆ ನಮ್ಮ ಮೂರು ಆಯಾಮ ಸಾಕು. ಎರಡು ಎಲೆಕ್ಟ್ರಾನ್ ಸೇರಿದರೆ ಕ್ವಾಂಟಮ್ ಅಲೆಗೆ ಆರು ಬೇಕು, ಹತ್ತಕ್ಕೆ ಮೂವತ್ತು. ಈ ಕೋಣೆಯನ್ನು ತುಂಬಿದ ಈಥರ್‌ಗೆ ಮೂರೇ ಆಯಾಮ. ಎರಡು ಕಣದ ಅಲೆಯನ್ನು ಅದರಲ್ಲಿ ಎಲ್ಲಿ ಇಡುತ್ತೀರಿ?

ಇದು ಮಾತಿನಲ್ಲಿ ತಲೆಗೆ ಹೋಗುವುದಿಲ್ಲ. ಆಟ ಆಡಿಸಿ. ಇಬ್ಬರನ್ನು ಎರಡು ಕೋಣೆಗೆ ಕಳಿಸಿ, ಒಬ್ಬೊಬ್ಬರಿಗೆ ಒಂದೊಂದು ನಾಣ್ಯ. ನಾಣ್ಯ ಚಿಮ್ಮಿದ ಮೇಲೆ ಇಬ್ಬರೂ ಹೌದು ಅಥವಾ ಇಲ್ಲ ಅಂತ ಚೀಟಿಯಲ್ಲಿ ಬರೆಯಬೇಕು. ಇಬ್ಬರಿಗೂ ಹೆಡ್ ಬಿದ್ದಿದ್ದರೆ ಉತ್ತರ ಬೇರೆ ಬೇರೆ ಇರಬೇಕು. ಉಳಿದ ಮೂರು ಸಂದರ್ಭದಲ್ಲಿ ಒಂದೇ ಇರಬೇಕು. ಒಬ್ಬರ ನಾಣ್ಯ ಇನ್ನೊಬ್ಬರಿಗೆ ಗೊತ್ತಿಲ್ಲ. ಒಳಗೆ ಹೋಗುವ ಮೊದಲು ಎಷ್ಟು ಬೇಕಾದರೂ ಒಳಸಂಚು ಮಾಡಿಕೊಳ್ಳಲಿ.

ನಮ್ಮ ತಾರಸಿಯಲ್ಲಿ ಪಿಯುಸಿ ಓದುವ ಹುಡುಗಿಯೂ ಅವಳ ಅಣ್ಣನೂ ಆಡಿದರು. ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷ ಗುಸುಗುಸು ಮಾಡಿದರು. 40 ಸುತ್ತು, ಗೆದ್ದಿದ್ದು 31. ಇನ್ನೂ ಒಳ್ಳೆಯ ಉಪಾಯ ಇದೆ ಅಂತ ಮತ್ತೆ 40 ಆಡಿದರು, ಈ ಸಲ 29. "ಅಣ್ಣ, ನಾವು ಇಬ್ಬರೂ ಯಾವಾಗಲೂ ಹೌದು ಅಂದರೂ ಇಷ್ಟೇ ಬರುತ್ತಲ್ವಾ?" ಅಂತ ಕೊನೆಗೆ ಹುಡುಗಿಯೇ ಕೇಳಿದಳು. ಅಷ್ಟೇ. ಯಾವ ಉಪಾಯ ಮಾಡಿದರೂ ದೀರ್ಘ ಓಟದಲ್ಲಿ ನೂರಕ್ಕೆ 75 ದಾಟುವುದಿಲ್ಲ. ಜೋಡಿಯಾಗಿ ಹುಟ್ಟಿಸಿದ ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಬಳಸಿ ಆಡಿದರೆ ಸುಮಾರು 85ರ ತನಕ ಹೋಗಬಹುದು. ಇದರ ಬೇರು ಭೌತಶಾಸ್ತ್ರಜ್ಞ ಜಾನ್ ಬೆಲ್ ಅವರ 1964ರ ಲೆಕ್ಕ. ಇದನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು.

ಈಥರ್‌ಗೆ ಇದರ ಅರ್ಥ ಏನು? ಮೊದಲೇ ಗೊತ್ತುಮಾಡಿಕೊಂಡ ಉತ್ತರಗಳಿಂದ 75 ದಾಟಲಾಗದು. ಹಾಗಾದರೆ ಈಥರ್ ಒಂದು ಕೋಣೆಯ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿರಬೇಕು. ಬೆಲ್ ಅವರ ಲೆಕ್ಕ ಇದನ್ನು ತಡೆಯುವುದಿಲ್ಲ. ಭೌತಶಾಸ್ತ್ರಜ್ಞ ಡೇವಿಡ್ ಬೋಮ್ ಅವರ 1952ರ ಸಿದ್ಧಾಂತದಲ್ಲಿ ಅಲೆ ಕಣವನ್ನು ನಡೆಸುತ್ತದೆ, ಅಲ್ಲಿ ಸುದ್ದಿ ತಕ್ಷಣ ಮುಟ್ಟುತ್ತದೆ, ಲೆಕ್ಕ ಪೂರ್ತಿ ಸರಿ ಬರುತ್ತದೆ. ಆದರೆ ಎಷ್ಟು ವೇಗ ಅನ್ನುವುದಕ್ಕೆ ಒಂದು ಅಂಕಿ ಇದೆ. 2008ರಲ್ಲಿ ಜಿನೀವಾ ಹತ್ತಿರದ ಸತಿನ್ಯಿ ಮತ್ತು ಜ್ಯುಸಿ ಅನ್ನುವ ಎರಡು ಹಳ್ಳಿಗಳ ನಡುವೆ, 18 ಕಿ.ಮೀ. ಅಂತರದಲ್ಲಿ, ಫೋಟಾನ್ ಜೋಡಿಗಳನ್ನು ಅಳೆದರು. ಲೆ ಸಾಜ್ ಅವರ ಊರೇ ಇದು ಅನ್ನುವುದು ಕಾಕತಾಳೀಯ. ಭೂಮಿ ಈಥರ್‌ನಲ್ಲಿ ಬೆಳಕಿನ ವೇಗದ ಸಾವಿರದಲ್ಲಿ ಒಂದು ಪಾಲಿಗಿಂತ ನಿಧಾನವಾಗಿ ಓಡುತ್ತಿದ್ದರೆ, ಸುದ್ದಿಯ ವೇಗ ಬೆಳಕಿನ ಹತ್ತು ಸಾವಿರ ಪಟ್ಟಿಗಿಂತ ಜಾಸ್ತಿ ಇರಲೇಬೇಕು.

ಈಗ ಗಂಟಿನ ಹತ್ತಿರ ಬಂದೆವು

ಆ "ಹತ್ತು ಸಾವಿರ ಪಟ್ಟು" ಅನ್ನುವುದನ್ನು ಹಲಗೆಯ ಎಡಕ್ಕೆ ಬರೆಯಿರಿ. ಬಲಕ್ಕೆ ಇದನ್ನು ಬರೆಯಿರಿ: 2017ರ ಆಗಸ್ಟ್ 17, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದದ್ದರ ಗುರುತ್ವದ ಅಲೆಯೂ ಗಾಮಾ ಕಿರಣವೂ ನಮಗೆ ಮುಟ್ಟಿದವು. ಸುಮಾರು 13 ಕೋಟಿ ವರ್ಷ ಓಡಿ ಬಂದ ಎರಡರ ನಡುವೆ ಇದ್ದ ಅಂತರ 1.7 ಸೆಕೆಂಡ್. ಅಂದರೆ ಗುರುತ್ವದ ಅಲೆಯ ವೇಗವೂ ಬೆಳಕಿನ ವೇಗವೂ ಸುಮಾರು ಹದಿನೈದು ಅಂಕಿಯ ತನಕ ಒಂದೇ.

ಒಂದೇ ಈಥರ್ ಗುರುತ್ವವನ್ನು ಬೆಳಕಿನ ವೇಗದಲ್ಲಿ ಸರಿಯಾಗಿ ಹೊರಬೇಕು, ಕ್ವಾಂಟಮ್ ಸುದ್ದಿಯನ್ನು ಅದರ ಹತ್ತು ಸಾವಿರ ಪಟ್ಟಿಗಿಂತ ಬೇಗ ಹೊರಬೇಕು. ಇಬ್ಬರಿಗೂ ಇಲ್ಲಿ ಸಮಯ ಕೊಡಿ, ಇಡೀ ವಾದದ ಜೀವ ಇಲ್ಲಿದೆ. ಈಥರ್ ಕಡೆಯ ಒಳ್ಳೆಯ ಉತ್ತರ ಇದು: ಒಂದೇ ವಸ್ತುವಿನಲ್ಲಿ ಎರಡು ವೇಗದ ಅಲೆ ಇರಬಹುದಲ್ಲ, ಭೂಕಂಪದಲ್ಲಿ ಒಂದು ಅಲೆ ಬೇಗ ಬರುತ್ತದೆ, ಇನ್ನೊಂದು ಹಿಂದೆ ಬರುತ್ತದೆ. ನ್ಯಾಯವಾದ ಮಾತು. ನಮ್ಮ ಗುಂಪಿನಲ್ಲಿ ಇದನ್ನು ಹೇಳಿದವರು ಸಿವಿಲ್ ಎಂಜಿನಿಯರ್ ಒಬ್ಬರು, ಎಲ್ಲರೂ ಎರಡು ನಿಮಿಷ ಸುಮ್ಮನಾದೆವು.

ಅದಕ್ಕೆ ಮರುಪ್ರಶ್ನೆ: ಭೂಕಂಪದ ಬೇಗದ ಅಲೆಯನ್ನು ನಾವು ಹಿಡಿಯುತ್ತೇವೆ, ಅದರಿಂದ ಎಚ್ಚರಿಕೆ ಕೊಡುತ್ತೇವೆ. ಈ ಕ್ವಾಂಟಮ್ ಅಲೆಯಿಂದ ಒಂದೇ ಒಂದು ಅಕ್ಷರದ ಸಂದೇಶವನ್ನೂ ಯಾಕೆ ಕಳಿಸಲಾಗುತ್ತಿಲ್ಲ? ಒಂದು ಕೋಣೆಯಲ್ಲಿ ಕೂತವರಿಗೆ ಬರೀ ತಮ್ಮ ಚೀಟಿ ನೋಡಿದರೆ ಅರ್ಧ ಹೌದು, ಅರ್ಧ ಇಲ್ಲ, ಅಷ್ಟೇ ಕಾಣುತ್ತದೆ. ಎರಡು ಚೀಟಿ ಪಕ್ಕಪಕ್ಕ ಇಟ್ಟಾಗ ಮಾತ್ರ 85 ಕಾಣುತ್ತದೆ. ಅಷ್ಟು ವೇಗದ ಸುದ್ದಿಯನ್ನು ಹೊತ್ತು, ಅದನ್ನು ಯಾರೂ ಬಳಸಲಾಗದಷ್ಟು ಚೊಕ್ಕವಾಗಿ ಅಡಗಿಸಿಡುವ ಈಥರ್ ಯಾವುದು? ಲೊರೆಂಟ್ಸ್ ಅವರ ಈಥರ್ ತನ್ನ ಗಾಳಿಯನ್ನು ಅಡಗಿಸಿಟ್ಟ ಹಾಗೆಯೇ ಇದೂ ಅಡಗಿಸಬೇಕು. ಅಡಗಿಸುವುದು ಒಂದು ಸಲ ಆದರೆ ಒಪ್ಪಬಹುದು, ಎರಡು ಸಲ ಆದರೆ ನನಗೆ ಅನುಮಾನ ಬರುತ್ತದೆ.

ಐನ್‌ಸ್ಟೈನ್ ಹೆಸರು ಬಂದಾಗ

1920ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಐನ್‌ಸ್ಟೈನ್ ಒಂದು ಉಪನ್ಯಾಸ ಕೊಟ್ಟರು. ತಮ್ಮ ಸಾಮಾನ್ಯ ಸಾಪೇಕ್ಷತೆಯ ಪ್ರಕಾರ ಜಾಗಕ್ಕೆ ಭೌತಿಕ ಗುಣಗಳಿವೆ, ಆ ಅರ್ಥದಲ್ಲಿ ಈಥರ್ ಇದೆ ಅಂದರು. ಈಥರ್ ಪರ ಇರುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಕ್ಕೂ ಓದಿಸಿ. ಈ ಈಥರ್‌ಗೆ ಕಾಲದುದ್ದಕ್ಕೂ ಬೆನ್ನು ಹತ್ತಬಹುದಾದ ಭಾಗಗಳಿಲ್ಲ, ಚಲನೆ ಅನ್ನುವ ಮಾತು ಅದಕ್ಕೆ ಹೊಂದುವುದಿಲ್ಲ ಅಂತಲೂ ಅಲ್ಲೇ ಹೇಳಿದ್ದಾರೆ. ಹಲಗೆಯ ಮೊದಲ ಪ್ರಶ್ನೆಗೆ ಅವರ ಉತ್ತರ "ಇಲ್ಲ".

ಆದರೆ ವಿರುದ್ಧ ಇರುವವರೂ ಒಂದನ್ನು ಒಪ್ಪಬೇಕು. ಜಾಗ ಬಾಗುತ್ತದೆ, ಅದುರುತ್ತದೆ, ಶಕ್ತಿ ಹೊತ್ತು 13 ಕೋಟಿ ವರ್ಷ ದೂರ ಬರುತ್ತದೆ. ಇದಕ್ಕೆ ಬರೀ ಖಾಲಿ ಅನ್ನುವ ಹೆಸರು ಸಾಲದು. ಯಾರಾದರೂ ಇದನ್ನೇ ಈಥರ್ ಅಂತ ಕರೆಯುತ್ತೇನೆ ಅಂದರೆ ನಾನು ಜಗಳ ಆಡುವುದಿಲ್ಲ, ಅಲ್ಲಿ ಉಳಿದಿರುವುದು ಹೆಸರಿನ ಪ್ರಶ್ನೆ ಮಾತ್ರ. ಹೆಸರು ಬಿಟ್ಟು ಹೊಸ ಅಂಕಿ ಕೊಡುವ ಈಥರ್‌ಗಳೂ ಇವೆ. ಭೌತಶಾಸ್ತ್ರಜ್ಞರಾದ ಜೇಕಬ್ಸನ್ ಮತ್ತು ಮ್ಯಾಟಿಂಗ್ಲಿ 2001ರಲ್ಲಿ ನಿಜವಾದ ಚಲನೆ ಇರುವ ಈಥರ್ ಅನ್ನು ಐನ್‌ಸ್ಟೈನ್ ಸಮೀಕರಣಗಳಿಗೆ ಸೇರಿಸಿ ನೋಡಿದರು. ಗುರುತ್ವದ ಅಲೆಯ ವೇಗ ಬೇರೆಯಾಗಬಹುದು ಅಂತ ಅದು ಬಾಯಿಬಿಟ್ಟು ಹೇಳಿತು. 2017ರ ಆ 1.7 ಸೆಕೆಂಡ್ ಅದರ ದೊಡ್ಡ ಭಾಗವನ್ನು ಮುಚ್ಚಿಹಾಕಿತು. ಈಥರ್ ಪರ ವಾದ ಹೀಗಿರಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು, ಸೋಲುವ ಅಪಾಯ ತೆಗೆದುಕೊಂಡಿತು.

ಕೂರಿಸುವ ವಿಧಾನ

ಎರಡು ಗಂಟೆ ಸಾಕು. ಒಂದೊಂದು ಕಡೆ ಇಬ್ಬರು, ಉಳಿದವರು ಪ್ರಶ್ನೆ ಕೇಳುವವರು. ಮೊದಲ ಹತ್ತು ನಿಮಿಷ ಪ್ರತಿಯೊಂದು ಕಡೆಯವರೂ ಎದುರು ಪಕ್ಷದ ವಾದವನ್ನು ತಾವೇ ಹೇಳಬೇಕು, ಎದುರಿನವರು "ಹೌದು, ನಾವು ಹೇಳುವುದು ಇದೇ" ಅನ್ನುವ ತನಕ. ಒಂದು ಗಂಟೆ ಆದ ಮೇಲೆ ಕುರ್ಚಿ ಬದಲಾಯಿಸಿ. ಮೂರನೇ ಸಲ ನಮ್ಮಲ್ಲಿ ದನಿ ಏರದೆ ಉಳಿದದ್ದು ಇದರಿಂದಲೇ, ಯಾಕೆಂದರೆ ಮುಂದಿನ ಗಂಟೆ ಅದೇ ವಾದ ತನ್ನದಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಹೊಸ ಹೆಸರು, ಹೊಸ ವೀಡಿಯೊ ಮಧ್ಯದಲ್ಲಿ ಬಂದರೆ ಹಲಗೆಯ ನಾಲ್ಕು ಪ್ರಶ್ನೆಗೆ ಅದೂ ಉತ್ತರ ಕೊಡಲಿ.

ಮುಗಿಸುವ ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಯಾವ ಪ್ರಯೋಗ ಏನು ತೋರಿಸಿದರೆ ನನ್ನ ನಿಲುವು ಬದಲಾಯಿಸುತ್ತೇನೆ ಅಂತ ಬರೆದು, ತಾರೀಕು ಹಾಕಿ, ಒಂದು ಡಬ್ಬಿಯಲ್ಲಿ ಹಾಕಲಿ. ನನ್ನ ಚೀಟಿಯಲ್ಲಿ ಹೀಗಿದೆ: ಬೆಳಕಿನ ವೇಗ ನಕ್ಷತ್ರಗಳ ದಿನಕ್ಕೆ, ಅಂದರೆ ನಕ್ಷತ್ರಗಳಿಗೆ ಹೋಲಿಸಿ ಭೂಮಿ ಒಂದು ಸುತ್ತು ತಿರುಗುವ 23 ಗಂಟೆ 56 ನಿಮಿಷಕ್ಕೆ ಸರಿಯಾಗಿ ಏರಿಳಿಯುವುದನ್ನು ಎರಡು ಬೇರೆ ದೇಶದ ಲ್ಯಾಬ್‌ಗಳು ಒಂದು ವರ್ಷ ಅಳೆದು ತೋರಿಸಲಿ, ಎರಡರಲ್ಲೂ ದಿಕ್ಕು ಒಂದೇ ಬರಲಿ. ಬಂದ ದಿನ ಈಥರ್ ಕಡೆಯ ಕುರ್ಚಿಯಲ್ಲಿ ಕೂರುತ್ತೇನೆ.